ದೂರದೇಶದ ದುಃಖ

1688ನೆಯ ಇಸವಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯಕ್ಕೆ ಯೋಹಾನ್ನೆಸ್ ಹೋಫರ್ ಎಂಬ ಹತ್ತೊಂಬತ್ತು ವರ್ಷದ ವೈದ್ಯವಿದ್ಯಾರ್ಥಿಯೊಬ್ಬನು ಒಂದು ಪ್ರಬಂಧವನ್ನು ಒಪ್ಪಿಸಿದನು. ಅದರಲ್ಲಿ ಆತನು ವರ್ಣಿಸಿದ ರೋಗಿಗಳ ಪೈಕಿ ಒಬ್ಬನು, ಬರ್ನ್ ಪಟ್ಟಣದಿಂದ ಬಾಸೆಲಿಗೆ ಓದಲು ಬಂದಿದ್ದ ತರುಣ. ಆ ಎರಡು ಊರುಗಳ ನಡುವಣ ದೂರವು ನಮ್ಮ ಬೆಂಗಳೂರು ಮೈಸೂರುಗಳ ನಡುವಣ ದೂರಕ್ಕಿಂತಲೂ ಕಡಮೆ. ಆದರೂ ಆ ತರುಣನು ದಿನೇ ದಿನೇ ಸೊರಗಿದನು; ಜ್ವರ ಬಂದಿತು; ಎದೆ ಬಡಿದುಕೊಳ್ಳತೊಡಗಿತು. ಅವನು ಉಳಿಯುವನೆಂಬ ಆಸೆಯನ್ನು ಸುತ್ತಲಿನವರು ತೊರೆದು ಪ್ರಾರ್ಥನೆಗೆ ತೊಡಗಿದರು. ಕಡೆಗೆ, ಇದು ಊರಿನ ಹಂಬಲವೇ ಹೊರತು ಬೇರೆ ರೋಗವಲ್ಲ, ಇವನನ್ನು ಮನೆಗೆ ಕಳುಹಿಸುವುದೇ ಮದ್ದು ಎಂಬ ಸಲಹೆ ಬಂದಿತು. ಪ್ರಯಾಣದ ಸಿದ್ಧತೆಯನ್ನು ಕಂಡೊಡನೆಯೇ ರೋಗಿಯ ಉಸಿರಾಟ ಸರಾಗವಾಯಿತು. ಬಾಸೆಲನ್ನು ಬಿಟ್ಟು ಕೆಲವು ಮೈಲಿ ಸಾಗುವಷ್ಟರಲ್ಲಿ ರೋಗಲಕ್ಷಣಗಳು ಇಳಿದುವು. ಬರ್ನ್ ಮುಟ್ಟುವ ಮೊದಲೇ ಅವನು ಚೇತರಿಸಿಕೊಂಡಿದ್ದನು.

ಈ ಬೇನೆಗೆ ಹೋಫರನು ಗ್ರೀಕ್ ಭಾಷೆಯ ಎರಡು ಪದಗಳನ್ನು ಹೊಸೆದು ‘ನಾಸ್ಟಾಲ್ಜಿಯ’ ಎಂದು ಹೆಸರಿಟ್ಟನು. ‘ನಾಸ್ಟಸ್’ ಎಂದರೆ ಮನೆಗೆ ಮರಳುವಿಕೆ, ‘ಆಲ್ಗಾಸ್’ ಎಂದರೆ ನೋವು. ಇಂದು ಹಳೆಯ ಹಾಡು, ಹಳೆಯ ಚಲಚ್ಚಿತ್ರಗಳ ನೆನಪಿಗೆ ಹಗುರವಾಗಿ ಬಳಸುವ ಈ ಮಾತು ಹುಟ್ಟಿದ್ದು ಒಂದು ರೋಗದ ಹೆಸರಾಗಿ. ತಾಯ್ನಾಡಿನ ಚಿತ್ರಗಳು ಅಂಟಿಕೊಂಡಿರುವ ಮಿದುಳಿನ ನಾರುಗಳಲ್ಲಿ ಪ್ರಾಣಚೈತನ್ಯವು ಎಡೆಬಿಡದೆ ಕಂಪಿಸುವುದರಿಂದ ಈ ರೋಗ ಬರುವುದೆಂದು ಹೋಫರನ ಊಹೆ. ಅನಂತರ, ಹದಿನೆಂಟನೆಯ ಶತಮಾನದ ಆದಿಯಲ್ಲಿ, ಶ್ಯೂಖ್ಸರ್ ಎಂಬ ಜ್ಯೂರಿಕ್ ನಗರದ ಪ್ರಕೃತಿವಿಜ್ಞಾನಿ ಬೇರೊಂದು ಕಾರಣವನ್ನು ಸೂಚಿಸಿದನು. ಸ್ವಿಸ್ ಜನರು ಎತ್ತರದ ಬೆಟ್ಟಗಳ ತೆಳುವಾದ ಗಾಳಿಯಲ್ಲಿ ಬೆಳೆದವರು. ತಗ್ಗಿನ ನಾಡಿಗೆ ಇಳಿದಾಗ ದಟ್ಟವಾದ ಗಾಳಿ ಅವರ ರಕ್ತನಾಳಗಳನ್ನು ಒತ್ತುತ್ತದೆ ಎಂದು ಅವನ ವಾದ. ಹಾಗಿದ್ದರೆ ಮಡಿಕೇರಿಯಿಂದ ಮಂಗಳೂರಿಗೆ ಇಳಿದವರೆಲ್ಲ ಹಾಸಿಗೆ ಹಿಡಿಯಬೇಕಾಗಿದ್ದಿತು! ಆದರೆ ನಗುವುದಕ್ಕೆ ಮೊದಲು ನಾವು ಒಂದು ಮಾತನ್ನು ನೆನೆಯಬೇಕು. ಈ ವೈದ್ಯರು ರೋಗಿಯನ್ನು ಹೇಡಿಯೆಂದು ಜರೆಯಲಿಲ್ಲ. ಅವನ ನೋವು ನಿಜವೆಂದೇ ನಂಬಿ ಕಾರಣವನ್ನು ಹುಡುಕಿದರು. 1861ರಿಂದ 1865ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ವೈದ್ಯರು ನಾಸ್ಟಾಲ್ಜಿಯದ ಐದು ಸಾವಿರಕ್ಕೂ ಹೆಚ್ಚು ಪ್ರಸಂಗಗಳನ್ನು ತಮ್ಮ ದಾಖಲೆಯಲ್ಲಿ ಬರೆದಿಟ್ಟರು. ಅದರಿಂದ ಸತ್ತವರ ಲೆಕ್ಕವನ್ನೂ ಅದೇ ದಾಖಲೆಯಲ್ಲಿ ಕಾಣುತ್ತೇವೆ. ಬಹುಶಃ ಅವರಲ್ಲಿ ಅನೇಕರನ್ನು ಕೊಂದದ್ದು ಸೋಂಕುರೋಗಗಳೇ ಇದ್ದಿರಬಹುದು. ಬದುಕುವ ಹುರುಪು ಕುಂದಿದವನಿಗೆ ಅವುಗಳನ್ನು ಎದುರಿಸುವುದು ಕಷ್ಟವೆಂದು ವೈದ್ಯರು ಕಂಡುಕೊಂಡಿದ್ದರು.

ನಮ್ಮ ನಾಡಿನಲ್ಲಿ ಈ ಬೇನೆಯನ್ನು ಬಲ್ಲವರು ಕಡಮೆಯೇನಲ್ಲ. ಮದುವೆಯಾಗಿ ಬೇರೊಂದು ಊರಿಗೆ ಹೋದ ಹೆಣ್ಣುಮಗಳು ತೌರಿನ ಹಂಬಲವನ್ನು ಬೀಸುವಾಗ ಕುಟ್ಟುವಾಗ ಹಾಡಿಕೊಂಡಳು. ಹಡಗನ್ನೋ ವಿಮಾನವನ್ನೋ ಹತ್ತಿ ಹೋದ ಗಂಡುಮಕ್ಕಳು ಇದೇನೋ ಹೊಸ ಅನುಭವವೆಂಬಂತೆ ಬರೆಯುವುದುಂಟು; ಅವರ ಅಜ್ಜಿಯರನ್ನು ಕೇಳಿದ್ದರೆ ತಿಳಿಯುತ್ತಿದ್ದಿತು.

ಊರಿನ ಹಂಬಲವನ್ನು ದುಃಖವೆಂದೇ ಕರೆಯಬಹುದೆ? ಸತ್ತವರಿಗಾಗಿ ಪಡುವ ಶೋಕವೂ ಇದೂ ಒಂದೇ ಜಾತಿಯವೆ? ವಿಯೆನ್ನಾದ ಮನೋವೈದ್ಯ ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಪ್ರಿಯವ್ಯಕ್ತಿಯನ್ನು ಕಳೆದುಕೊಂಡಾಗ ಮಾತ್ರವಲ್ಲದೆ ತಾಯ್ನಾಡು, ಸ್ವಾತಂತ್ರ್ಯ, ಆದರ್ಶಗಳಂಥವನ್ನು ಕಳೆದುಕೊಂಡಾಗಲೂ ಮನಸ್ಸು ಶೋಕಿಸುತ್ತದೆಯೆಂದು ಹೇಳಿದನು. ಆದರೆ ಇಲ್ಲಿ ಒಂದು ತೊಡಕಿದೆ. ಸತ್ತವರು ಮರಳಿ ಬರುವುದಿಲ್ಲ. ಬಿಟ್ಟುಬಂದ ಊರಾದರೋ ಇದ್ದೇ ಇದೆ. ಅಮ್ಮನು ಅಡುಗೆಮನೆಯಲ್ಲಿ ಇದ್ದೇ ಇದ್ದಾಳೆ; ದೂರವಾಣಿಯಲ್ಲಿ ಅವಳ ಧ್ವನಿ ಕೇಳಿಸುತ್ತದೆ, ಪರದೆಯ ಮೇಲೆ ಮುಖವೂ ಕಾಣುತ್ತದೆ. ಇಲ್ಲವೆನ್ನುವಂತಿಲ್ಲ, ಇದೆಯೆನ್ನುವಂತೆಯೂ ಇಲ್ಲ. ಇಂಥ ಸ್ಥಿತಿಯನ್ನು ಅಮೆರಿಕದ ಪಾಲಿನ್ ಬಾಸ್ ಎಂಬ ಮನಶ್ಶಾಸ್ತ್ರಜ್ಞೆ ‘ಅಸ್ಪಷ್ಟವಾದ ನಷ್ಟ’ ಎಂದು ಕರೆದಿದ್ದಾಳೆ. ವಿಯೆಟ್ನಾಮ್ ಯುದ್ಧದಲ್ಲಿ ಕಾಣೆಯಾದ ವಿಮಾನ ಚಾಲಕರ ಕುಟುಂಬಗಳನ್ನು 1970ರ ದಶಕದಲ್ಲಿ ಅಧ್ಯಯನ ಮಾಡುತ್ತ ಆಕೆ ಈ ಭಾವನೆಯನ್ನು ರೂಪಿಸಿದಳು. ಆದರೆ ಅದರ ಮೊದಲ ಪಾಠ ದೊರೆತದ್ದು ಸ್ವಂತ ಮನೆಯಲ್ಲಿಯೇ. ಆಕೆಯ ತಂದೆ ವಿಸ್ಕಾನ್ಸಿನ್ ಸೀಮೆಗೆ ವಲಸೆ ಬಂದು, ಬಿಟ್ಟುಬಂದ ನಾಡಿಗಾಗಿ ಬಾಳೆಲ್ಲ ಹಂಬಲಿಸಿದವನು; ಅವನೂ ಒಬ್ಬ ಸ್ವಿಸ್!

ಅಸ್ಪಷ್ಟವಾದ ನಷ್ಟದ ಕಷ್ಟವೆಂದರೆ, ಅದಕ್ಕೆ ಯಾವ ಕರ್ಮಾಂತರವೂ ಇಲ್ಲ, ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಪರದೇಶಕ್ಕೆ ಹೋದವನನ್ನು ಊರಿನವರು ಅಭಿನಂದಿಸುತ್ತಾರೆಯೇ ಹೊರತು ಅವನ ದುಃಖವನ್ನು ವಿಚಾರಿಸುವುದಿಲ್ಲ. ಅಭಿನಂದನೆ ಪಡೆದವನು ಅಳುವುದಾದರೂ ಹೇಗೆ?

ಇದಕ್ಕೆ ನಿಜವಾದ ಸಾವು ಸೇರಿದಾಗ ಏನಾಗುತ್ತದೆಂಬುದಕ್ಕೆ ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ನಿದರ್ಶನವಿದೆ. 1888ರ ಸೆಪ್ಟೆಂಬರಿನಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, ಅವರು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟರು. ಮೊದಮೊದಲು ರಾತ್ರಿಯಾದೊಡನೆ ತಾಯಿಯ ನೆನಪಾಗಿ ಕಣ್ಣೀರು ಸುರಿಯುತ್ತಿದ್ದಿತಂತೆ. 1891ರಲ್ಲಿ ಬ್ಯಾರಿಸ್ಟರರಾಗಿ ಮರಳಿದಾಗ, ತಾಯಿ ಎಂದೋ ತೀರಿಕೊಂಡಿದ್ದ ಸಂಗತಿ ತಿಳಿಯಿತು. ಪರದೇಶದಲ್ಲಿ ಒಂಟಿಯಾಗಿರುವವನಿಗೆ ಈ ಆಘಾತ ಬೇಡವೆಂದು ಅಣ್ಣನವರು ಸುದ್ದಿಯನ್ನು ತಡೆಹಿಡಿದಿದ್ದರು. ತಂದೆಯ ಸಾವಿಗಿಂತಲೂ ಇದು ಹೆಚ್ಚಿನ ದುಃಖವನ್ನು ತಂದಿತೆಂದು ಬರೆದಿರುವ ಗಾಂಧೀಜಿ, ತಾವು ಕಣ್ಣೀರನ್ನು ತಡೆದುಕೊಂಡು ಏನೂ ಆಗದವರಂತೆ ಬಾಳನ್ನು ಮುಂದುವರಿಸಿದುದನ್ನೂ ಹೇಳಿದ್ದಾರೆ. ಉಳಿದವರು ಅತ್ತು ಮುಗಿಸಿದ ಮನೆಯಲ್ಲಿ ತಡವಾಗಿ ಬಂದವನು ಒಬ್ಬನೇ ಅಳುವುದು ಸುಲಭವಲ್ಲ.

ಅಣ್ಣನವರ ಉದ್ದೇಶ ಪ್ರೀತಿಯದೇ. ನಮ್ಮ ಮನೆಗಳಲ್ಲಿ ಇಂದೂ ‘ಪರೀಕ್ಷೆ ಮುಗಿಯಲಿ, ಆಮೇಲೆ ತಿಳಿಸೋಣ’ ಎನ್ನುವುದುಂಟು. ನಮ್ಮ ಅಭಿಪ್ರಾಯದಲ್ಲಿ ಇದು ತಪ್ಪು. ಒಮ್ಮೆ ಸುದ್ದಿಯನ್ನು ಮುಚ್ಚಿಟ್ಟುದು ತಿಳಿದರೆ, ಆಮೇಲೆ ‘ಎಲ್ಲರೂ ಕ್ಷೇಮ’ ಎಂಬ ಮಾತನ್ನು ದೂರದಲ್ಲಿರುವ ಮಗನಾಗಲಿ ಮಗಳಾಗಲಿ ಎಂದೂ ಪೂರ್ತಿಯಾಗಿ ನಂಬುವುದಿಲ್ಲ. ನಡುರಾತ್ರಿಯಲ್ಲಿ ದೂರವಾಣಿ ಸದ್ದು ಮಾಡಿದಾಗಲೆಲ್ಲ ಎದೆ ಝಲ್ಲೆನ್ನುವ ಬಾಳು ಅವರದಾಗುತ್ತದೆ.

ತಡವಾಗಿ ಬರುವ ಶೋಕವನ್ನು ನಮ್ಮ ಹಿಂದಿನವರು ಗಮನಿಸಿರಲಿಲ್ಲವೆಂದಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದೇಶಾಂತರದಲ್ಲಾದ ಮರಣದ ಸೂತಕಕ್ಕೆ ಪ್ರತ್ಯೇಕ ನಿಯಮಗಳಿವೆ. ಹತ್ತು ದಿನಗಳೊಳಗೆ ಸುದ್ದಿ ತಿಳಿದರೆ ಉಳಿದ ದಿನಗಳಷ್ಟು ಸೂತಕ. ಹತ್ತು ದಿನ ಕಳೆದಿದ್ದರೆ ಮೂರು ರಾತ್ರಿ. ವರ್ಷವೇ ಕಳೆದಿದ್ದರೆ ಸ್ನಾನ ಮಾತ್ರ. ಇದರ ಶಾಸ್ತ್ರಾರ್ಥದ ಗೊಡವೆ ನಮಗೆ ಬೇಡ. ಮನಶ್ಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಸುದ್ದಿ ಎಷ್ಟು ತಡವಾಗಿ ಮುಟ್ಟಿದರೂ ಅದಕ್ಕೊಂದು ಆಚರಣೆಯುಂಟು, ಅಳುವುದಕ್ಕೊಂದು ಅವಕಾಶವುಂಟು ಎಂಬ ವ್ಯವಸ್ಥೆ ಇದರಲ್ಲಿದೆ. ಇಂದು ಅಮೆರಿಕದಿಂದ ಬೆಂಗಳೂರಿಗೆ ಬರಲು ವಿಮಾನದಲ್ಲಿ ಸುಮಾರು ಒಂದು ದಿನ ಬೇಕು. ನಮ್ಮಲ್ಲಿ ಅನೇಕರ ಸಂಸ್ಕಾರ ಅಷ್ಟರೊಳಗೆ ಮುಗಿದಿರುತ್ತದೆ. 2020ರಲ್ಲಿ ಸಾಂಕ್ರಾಮಿಕದಿಂದಾಗಿ ವಿಮಾನಗಳೇ ನಿಂತಾಗ, ಸಾವಿರಾರು ಮಂದಿ ತಂದೆತಾಯಿಗಳ ಅಂತ್ಯಕ್ರಿಯೆಯನ್ನು ಅಂಗೈಯಗಲದ ಪರದೆಯ ಮೇಲೆ ನೋಡಿದರು.

ಶೋಕ ತಾನಾಗಿ ರೋಗವಲ್ಲ. ಆದರೆ ಅದು ಬಹುಕಾಲ ಸ್ವಲ್ಪವೂ ಇಳಿಯದೆ ದೈನಂದಿನ ಬಾಳನ್ನೇ ಕೆಡಿಸಿದರೆ ಚಿಕಿತ್ಸೆ ಬೇಕೆಂದು ವೈದ್ಯರು ಈಗ ಒಪ್ಪಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಇದಕ್ಕೆ ಆರು ತಿಂಗಳ ಗಡುವನ್ನೂ, 2022ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಕೈಪಿಡಿ ವಯಸ್ಕರಿಗೆ ಒಂದು ವರ್ಷದ ಗಡುವನ್ನೂ ಇಟ್ಟಿವೆ. ಎರಡು ಗ್ರಂಥಗಳ ಲೆಕ್ಕ ಹೀಗೆ ಬೇರೆಯಾಗಿರುವುದನ್ನು ನೋಡಿದರೆ, ಇಲ್ಲಿ ಎಳೆದಿರುವ ಗೆರೆ ಮನುಷ್ಯರು ಎಳೆದದ್ದು, ಪ್ರಕೃತಿಯದಲ್ಲ ಎಂಬುದು ವಿಶದವಾಗುತ್ತದೆ.

ದುಃಖವನ್ನು ಯಾವ ಭಾಷೆಯಲ್ಲಿ ತೋಡಿಕೊಳ್ಳುವುದು ಎಂಬ ಪ್ರಶ್ನೆಯೂ ಇದೆ. ಮನಸ್ಸು ಕಲಕಿದಾಗ ಬೆರಳುಗಳ ಚರ್ಮದಲ್ಲಿ ಬೆವರು ಅತ್ಯಲ್ಪವಾಗಿ ಹೆಚ್ಚುತ್ತದೆ. ಆಗ ಚರ್ಮದ ಮೂಲಕ ವಿದ್ಯುತ್ತು ಹೆಚ್ಚು ಸುಲಭವಾಗಿ ಹರಿಯುತ್ತದೆ. ಇದನ್ನು ಅಳೆಯುವ ಉಪಕರಣದಿಂದ ಅಮೆರಿಕದ ಸಂಶೋಧಕರು 2003ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಟರ್ಕಿಷ್ ತಾಯಿನುಡಿಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡು ಭಾಷೆಗಳ ಪದಗಳನ್ನೂ ಕೇಳಿಸಲಾಯಿತು. ತಾಯಂದಿರು ಮಕ್ಕಳನ್ನು ಗದರಿಸುವಂಥ ಮಾತುಗಳು ಟರ್ಕಿಷ್ ಭಾಷೆಯಲ್ಲಿ ಕಿವಿಗೆ ಬಿದ್ದಾಗ ಮುಳ್ಳು ಹೆಚ್ಚು ಚಲಿಸಿತು. ಅದೇ ಗದರಿಕೆ ಇಂಗ್ಲಿಷಿನಲ್ಲಿ ಬಂದಾಗ ಮೈ ಅಷ್ಟಾಗಿ ಸ್ಪಂದಿಸಲಿಲ್ಲ. ಪರಭಾಷೆಯಲ್ಲಿ ದಿನವೆಲ್ಲ ಚೆನ್ನಾಗಿಯೇ ಮಾತನಾಡಿದವನಿಗೆ ಸಂಜೆಯ ಹೊತ್ತಿಗೆ ತಾನು ಏನನ್ನೂ ಆಡಲೇ ಇಲ್ಲವೆನಿಸುವುದೇಕೆಂಬುದು ಇದರಿಂದ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ. ಮೈಸೂರಿನಲ್ಲಿ ಬೆಳೆದ ಎ. ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದವರು. ಇಂಗ್ಲಿಷ್ ಕವಿಯೆಂದು ಹೆಸರಾದ ಮೇಲೆಯೂ ಅವರು ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಅವರ ಕನ್ನಡ ಕವನಸಂಗ್ರಹ ಪ್ರಕಟವಾದದ್ದು 1969ರಲ್ಲಿ.

ಹೊಸ ನಾಡಿಗೆ ಹೋದವನ ಮನಸ್ಸು ಯಾವ ಕ್ರಮದಲ್ಲಿ ಹೊಂದಿಕೊಳ್ಳುತ್ತದೆ? ನಾರ್ವೆಯ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞನು, ಅಮೆರಿಕಕ್ಕೆ ಹೋಗಿ ಬಂದ ತನ್ನ ನಾಡಿನ ವಿದ್ವಾಂಸರನ್ನು ಪ್ರಶ್ನಿಸಿ 1955ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದನು: ಮೊದಲು ಉತ್ಸಾಹ, ಆಮೇಲೆ ಇಳಿತ, ಕೊನೆಗೆ ಏರಿಕೆ. ಇದನ್ನು ನಕ್ಷೆಯಲ್ಲಿ ಬಿಡಿಸಿದರೆ ಇಂಗ್ಲಿಷಿನ ‘ಯು’ ಅಕ್ಷರದಂತೆ ಕಾಣುತ್ತದೆ. ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞನು ಇದೇ ಕಾಲದಲ್ಲಿ ‘ಸಂಸ್ಕೃತಿಯ ಆಘಾತ’ ಎಂಬ ಮಾತನ್ನು ಬಳಕೆಗೆ ತಂದನು. ಇವು ಬಹುಬೇಗ ಜನಪ್ರಿಯವಾದುವು. ಆದರೆ ಮುಂದೆ ವಿದ್ಯಾರ್ಥಿಗಳನ್ನು ಬಂದಿಳಿದ ದಿನದಿಂದಲೇ ಹಿಂಬಾಲಿಸಿ ನೋಡಿದಾಗ ಚಿತ್ರ ಬದಲಾಯಿತು. ನ್ಯೂಜಿಲೆಂಡಿಗೆ ಹೋದ ಜಪಾನೀ ವಿದ್ಯಾರ್ಥಿಗಳನ್ನು ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆ ಅತ್ಯಧಿಕವಾಗಿದ್ದದ್ದು ತಲಪಿದ ಹೊಸತರಲ್ಲಿಯೇ. ‘ಯು’ ಅಕ್ಷರದ ಮೊದಲ ಎತ್ತರ ಅಲ್ಲಿ ಕಾಣಲೇ ಇಲ್ಲ. ಹಿಂತಿರುಗಿ ನೆನೆಯುವಾಗ ಮನುಷ್ಯನು ಕಥೆಯನ್ನು ತಿದ್ದಿ ಹೇಳುವನೆಂಬುದು ಇದರಿಂದ ತೋರುತ್ತದೆ. ಮೊದಲ ವಾರದಲ್ಲಿಯೇ ಅಳು ಬಂದರೆ ತನ್ನಲ್ಲೇನೋ ಕೊರತೆಯಿದೆಯೆಂದು ವಿದ್ಯಾರ್ಥಿ ಭಾವಿಸಬೇಕಾಗಿಲ್ಲ.

‘ನಾನು ಯಾರು’ ಎಂಬ ತೊಳಲಾಟದ ವಿಷಯದಲ್ಲಿ ಕೆನಡಾದ ಜಾನ್ ಬೆರಿಯ ವಿಂಗಡಣೆ ಪ್ರಸಿದ್ಧವಾದುದು. ತನ್ನದನ್ನು ಬಿಟ್ಟು ಹೊಸದರಲ್ಲಿ ಲೀನವಾಗುವುದು, ಹೊಸದನ್ನು ತಳ್ಳಿ ತನ್ನದಕ್ಕೆ ಅಂಟಿಕೊಳ್ಳುವುದು, ಎರಡನ್ನೂ ಉಳಿಸಿಕೊಳ್ಳುವುದು, ಎತ್ತಲೂ ಸೇರದೆ ಉಳಿಯುವುದು. ಹದಿಮೂರು ದೇಶಗಳ ಹದಿಹರೆಯದ ವಲಸಿಗರನ್ನು ಕುರಿತು ಬೆರಿಯೂ ಆತನ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಎರಡನ್ನೂ ಉಳಿಸಿಕೊಂಡವರ ಸ್ಥಿತಿಯೇ ಹೆಚ್ಚು ನೆಮ್ಮದಿಯದಾಗಿದ್ದಿತು. ಆದರೆ ಇದು ಕೇವಲ ಅವರವರ ಆಯ್ಕೆಯೆಂದರೆ ಅನ್ಯಾಯವಾದೀತು. ಸುತ್ತಲಿನ ಜನ ಬಣ್ಣ ನೋಡಿ ದೂರವಿಟ್ಟರೆ ಎರಡು ದೋಣಿಗಳಲ್ಲಿ ಕಾಲಿಡುವುದಿರಲಿ, ಒಂದರಲ್ಲಿಯೂ ಸ್ಥಳ ದೊರೆಯುವುದಿಲ್ಲ. ತಮ್ಮನ್ನು ಕೀಳಾಗಿ ಕಾಣುತ್ತಾರೆಂದು ಹೇಳಿದ ತರುಣರ ಮನಸ್ಸ್ವಾಸ್ಥ್ಯ ಕಡಮೆಯಿದ್ದುದನ್ನು ಅದೇ ಅಧ್ಯಯನ ಗುರುತಿಸಿದೆ.

ಪ್ರತಿಭೆಯೊಂದೇ ಇಲ್ಲಿ ರಕ್ಷಣೆಯಾಗದು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1914ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಅದೇ ವರ್ಷ ಮಹಾಯುದ್ಧ ತೊಡಗಿತು. ಸಸ್ಯಾಹಾರಿಗಳಾದ ಅವರು ಕೋಣೆಯಲ್ಲಿ ತಾವೇ ಬೇಯಿಸಿಕೊಂಡು ಉಣ್ಣುತ್ತಿದ್ದರು. ಯುದ್ಧಕಾಲದಲ್ಲಿ ಬೇಕಾದ ಸಾಮಗ್ರಿ ದೊರೆಯುವುದು ಕಷ್ಟವಾಯಿತು. ಅವರಿಗೂ ಪತ್ನಿ ಜಾನಕಿಗೂ ನಡುವಣ ಪತ್ರಗಳನ್ನು ಊರಿನಲ್ಲಿ ತಾಯಿ ತಡೆಹಿಡಿಯುತ್ತಿದ್ದರು. ರೋಗ, ಒಂಟಿತನ, ಮನೆಯ ಮೌನ ಇವೆಲ್ಲ ಒಟ್ಟುಗೂಡಿ 1918ರ ಆರಂಭದಲ್ಲಿ ಅವರು ಜೀವವನ್ನೇ ತೊರೆಯಲೆಳಸಿದರು, ದೈವವಶದಿಂದ ಬದುಕಿಕೊಂಡರು. ಆ ವರ್ಷವೇ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಇಂಥ ಸಂಕಟದಲ್ಲಿರುವವರನ್ನು ಇಂದು ವಿಚಾರಿಸಲು ಪರದೇಶದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಸಲಹೆಗಾರರಿದ್ದಾರೆ. ನಮ್ಮ ದೇಶದಲ್ಲಿ 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ರಲ್ಲಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಅಲ್ಲಿಗೆ ಹೋಗುವುದು ಹುಚ್ಚಿನ ಲಕ್ಷಣವೆಂಬ ಭಾವನೆ ನಮ್ಮವರಲ್ಲಿ ಇನ್ನೂ ಉಳಿದಿರುವುದು ದುರದೃಷ್ಟ.

ಉಳಿದ ಉಪಾಯಗಳು ಸಾಮಾನ್ಯವಾದವು. ಹವಾಯಿಯಲ್ಲಿದ್ದ ಪರದೇಶದ ವಿದ್ಯಾರ್ಥಿಗಳ ಗೆಳೆತನವನ್ನು ಬೋಕ್ನರ್ ಮತ್ತು ಸಂಗಡಿಗರು 1977ರಲ್ಲಿ ವಿವರಿಸಿದರು. ಸ್ವಂತ ನಾಡಿನವರು ಮನಸ್ಸಿನ ಮಾತಿಗೆ, ಸ್ಥಳೀಯರು ಓದಿನ ಮತ್ತು ಕಛೇರಿಯ ಕೆಲಸಗಳಿಗೆ, ಇತರ ಪರದೇಶಿಗಳು ವಿರಾಮದ ಸಂತೋಷಕ್ಕೆ, ಹೀಗೆ ಒಂದೊಂದು ಬಗೆಯ ಗೆಳೆಯರು ಒಂದೊಂದಕ್ಕೆ ಒದಗುತ್ತಿದ್ದರು. ಯಾವುದೇ ದೊಡ್ಡ ಪಟ್ಟಣದ ಕನ್ನಡ ಕೂಟದಲ್ಲಿ ಯುಗಾದಿಯ ದಿನ ಬೇವುಬೆಲ್ಲ ಹಂಚುವುದು ಬರಿಯ ಸಡಗರವಲ್ಲ. ಆದರೆ ಕೂಟದಲ್ಲಿಯೇ ಮುಳುಗಿ ಹೊರಗಿನವರ ಪರಿಚಯವೇ ಇಲ್ಲದವನು, ಕಛೇರಿಯ ಕಾಗದವೊಂದು ಬಂದಾಗ ಕೈಚೆಲ್ಲಿ ಕೂರಬೇಕಾಗುತ್ತದೆ.

ನಾಸ್ಟಾಲ್ಜಿಯವನ್ನು ಈಗ ಯಾರೂ ರೋಗವೆನ್ನುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2006ರಿಂದ ನಡೆಸಿದ ಪ್ರಯೋಗಗಳಲ್ಲಿ, ಒಂಟಿತನವು ಹಳೆಯ ನೆನಪನ್ನು ಕೆರಳಿಸುವುದೂ, ಆ ನೆನಪು ತಾನು ಯಾರಿಗೋ ಬೇಕಾದವನೆಂಬ ಭಾವವನ್ನು ಹೆಚ್ಚಿಸುವುದೂ ಕಂಡುಬಂದಿದೆ. ಹೋಫರನಿಗೆ ಬೇನೆಯಾಗಿ ತೋರಿದುದರಲ್ಲಿ ಮದ್ದಿನ ಅಂಶವೂ ಇದ್ದಿತು. ಆತನು ಹೇಳಿದ ಮದ್ದಿನ, ಎಂದರೆ ಮನೆಗೆ ಮರಳುವುದರ, ಕಥೆಯೇ ಬೇರೆ. ಗಲ್ಲಾಹಾರ್ನ್ ದಂಪತಿಗಳು 1963ರಲ್ಲಿ ತೋರಿಸಿದಂತೆ, ಊರಿಗೆ ಬಂದವರಲ್ಲಿ ಅನೇಕರು ಎರಡನೆಯ ಬಾರಿ ಅದೇ ಇಳಿತವನ್ನು ಅನುಭವಿಸುತ್ತಾರೆ. ಬೀದಿ ಅಗಲವಾಗಿರುತ್ತದೆ, ಗೆಳೆಯರಿಗೆ ಮದುವೆಯಾಗಿರುತ್ತದೆ, ತಾಯಿಯ ಕೂದಲು ನರೆತಿರುತ್ತದೆ. ಊಟಕ್ಕೆ ಕುಳಿತಾಗ ‘ನಿನಗೆ ಖಾರ ಹೆಚ್ಚಾಯಿತೇನೋ?’ ಎಂದು ಅತಿಥಿಯನ್ನು ಕೇಳುವಂತೆ ಮನೆಯವರು ಕೇಳುತ್ತಾರೆ.