ಗೋಕುಲದ ಬೀದಿಯಲ್ಲಿ ಪರದೇಶದ ಯೋಗಾಭ್ಯಾಸಿಗಳು

ಪರದೇಶದವರು ನಮ್ಮ ಬೀದಿಗಳಲ್ಲಿ ಅಡ್ಡಾಡುವುದು ಬೀದರ ಸೀಮೆಯವರಾದ ನಮಗೆ ಹೊಸದಲ್ಲ. 15ನೆಯ ಶತಮಾನದಲ್ಲಿ ರಷ್ಯಾದೇಶದ ತ್ವೆರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನ್ ಎಂಬವನು ಬಹಮನಿ ಸುಲ್ತಾನರ ಬೀದರಿಗೆ ಬಂದು, ಇಲ್ಲಿಯ ಜನರನ್ನೂ ಮೆರವಣಿಗೆಗಳನ್ನೂ ತನ್ನ ಪ್ರವಾಸಕಥನದಲ್ಲಿ ವರ್ಣಿಸಿರುವನು. ಆದರೆ ಅವನು ಬಂದುದು ವ್ಯಾಪಾರಕ್ಕೆ. ವಿದ್ಯಾರ್ಥಿಗಳಾಗಿ ಕಡಲು ದಾಟಿ ಬಂದು ತಿಂಗಳುಗಟ್ಟಲೆ ನಮ್ಮವರ ನಡುವೆ ಬಾಳುವವರನ್ನು ಕಾಣಬೇಕಾದರೆ ನಾಡಿನ ಇನ್ನೊಂದು ತುದಿಯಾದ ಮೈಸೂರಿಗೇ ಹೋಗಬೇಕು. 2023ರ ಮಾರ್ಗಶಿರದಲ್ಲಿ ಕೊಳಾರದಿಂದ ಹೊರಟು, ಆ ನಗರದ ಗೋಕುಲಂ ಬಡಾವಣೆಯಲ್ಲಿ ಬಂಧುಗಳ ಮನೆಯಲ್ಲಿ ಹದಿನೈದು ದಿನ ಇದ್ದೆನು. ಆಗ ಕಂಡುದನ್ನು ವಾಚಕರಿಗೆ ಅರಿಕೆ ಮಾಡುತ್ತೇನೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಆ ದಶಕದ ಕೊನೆಯಲ್ಲಿಯೇ ಇಂದ್ರಾದೇವಿಯೆಂದು ಹೆಸರಾದ ಐರೋಪ್ಯ ಮಹಿಳೆಯೊಬ್ಬರು ಆಚಾರ್ಯರ ಶಿಷ್ಯೆಯಾದರು. ಇನ್ನೊಬ್ಬ ಶಿಷ್ಯರು ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು (1915–2009). ಇವರು ಮೊದಲು ಲಕ್ಷ್ಮೀಪುರದ ಸ್ವಗೃಹದಲ್ಲಿಯೂ 2002ರಿಂದ ಗೋಕುಲಂನಲ್ಲಿಯೂ ಪಾಠ ಹೇಳಿದುದರಿಂದ, ಆ ಬಡಾವಣೆಯ ತುಂಬ ಇಂದು ಯೋಗಶಾಲೆಗಳು ಹಬ್ಬಿಕೊಂಡಿವೆ.

ಅರುಣೋದಯಕ್ಕೆ ಮೊದಲೇ ಬೀದಿ ಎಚ್ಚರಗೊಳ್ಳುತ್ತದೆ. ಸುತ್ತಿದ ಚಾಪೆಯನ್ನು ಹೆಗಲಿಗೇರಿಸಿ, ಬಾಡಿಗೆಯ ಸ್ಕೂಟರಿನಲ್ಲಿ ಕೆಲವರು, ಕಾಲ್ನಡಿಗೆಯಲ್ಲಿ ಕೆಲವರು ಬರುತ್ತಾರೆ. ಸರದಿ ಬರುವವರೆಗೆ ಮೆಟ್ಟಿಲುಗಳ ಮೇಲೆ ಮಾತಿಲ್ಲದೆ ಕುಳಿತಿರುತ್ತಾರೆ. ಹಾಲಿನವನು, ಪತ್ರಿಕೆಯವನು, ಬಾಗಿಲಿಗೆ ರಂಗೋಲಿ ಇಡುವ ಗೃಹಿಣಿ, ಯಾರೂ ಅವರತ್ತ ತಿರುಗಿ ನೋಡುವುದಿಲ್ಲ. ಅಷ್ಟು ಬಳಕೆಯಾಗಿ ಹೋಗಿದೆ. ಆದರೂ ಕೊಠಡಿಗಳ ಬಾಡಿಗೆ ಏರಿ, ಸಣ್ಣ ಸಂಬಳದ ಸಂಸಾರಿಗಳು ಬೇರೆ ಕಡೆ ಮನೆ ನೋಡಿಕೊಳ್ಳಬೇಕಾಗಿದೆ ಎಂದು ನಮ್ಮ ಬಂಧುಗಳು ನೊಂದುಕೊಂಡರು. ಅದೂ ನಿಜವೇ.

ಅಭ್ಯಾಸ ಮುಗಿದವರು ಬೆವರಿದ ಮೈಯಲ್ಲಿ ಎಳನೀರಿನ ಗಾಡಿಯನ್ನು ಮುತ್ತುತ್ತಾರೆ. "ನೀರಾ, ಗಂಜಿಯಾ?" ಎಂದು ಅವನು ಕೇಳಿದರೆ, "ಗಂಜಿ ಬೇಡ ಅಣ್ಣಾ, ನೀರು" ಎಂದು ಕೆಂಗೂದಲಿನ ಹೆಂಗಸು ಹೇಳುತ್ತಾಳೆ. "ಆಯ್ತು ಅಕ್ಕ" ಎಂದು ಅವನು ಮಚ್ಚೆತ್ತುತ್ತಾನೆ. ಶನಿವಾರ ಅವರಿಗೆ ಅಭ್ಯಾಸವಿಲ್ಲ. ಜೋಯಿಸರು ಹಾಕಿಕೊಟ್ಟ ಪದ್ಧತಿಯಂತೆ ಹರಳೆಣ್ಣೆಯ ಅಭ್ಯಂಜನ. ನಮ್ಮ ಹುಡುಗರು ದೀಪಾವಳಿಗೂ ಮೈಗೆ ಎಣ್ಣೆ ಸೋಕಿಸದ ಈ ಕಾಲದಲ್ಲಿ, ಪರದೇಶದ ತರುಣರು ಅಂಗಡಿಯಲ್ಲಿ ಹರಳೆಣ್ಣೆಯನ್ನೂ ಅಂಟುವಾಳದ ಪುಡಿಯನ್ನೂ ಹೆಸರು ಹಿಡಿದು ಕೇಳುವುದನ್ನು ನೋಡಿ ನನಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂದವು.

ಅವರ ಪಾಠವು ಸಂಸ್ಕೃತದ ಎಣಿಕೆಯಿಂದ ನಡೆಯುತ್ತದೆ. ಏಕಂ ಎಂದಾಗ ಉಸಿರೆಳೆದು ಕೈಯೆತ್ತುವರು. ದ್ವೇ ಎಂದಾಗ ಉಸಿರು ಬಿಟ್ಟು ಬಾಗುವರು. ಮೊದಲನೆಯ ಸೂರ್ಯನಮಸ್ಕಾರಕ್ಕೆ ಹೀಗೆ 9 ಎಣಿಕೆ, ಎರಡನೆಯದಕ್ಕೆ 17. ಒಂದು ದಿನ ಆ ಕೆಂಗೂದಲಿನವಳು ಎಳನೀರಿನ ಗಾಡಿಯ ಬಳಿ ನನ್ನನ್ನು ತಡೆದು, "ಮೇಷ್ಟ್ರೇ" ಎಂದಳು. (ನಮ್ಮ ಕಡೆ ನಾನು ಮಾಸ್ತರ, ಅಲ್ಲಿ ಮೇಷ್ಟ್ರು.) "ವ್ಯಾಕರಣದ ಪುಸ್ತಕದಲ್ಲಿ ತ್ರಯಃ ಎಂದಿದೆ, ಗುರುಗಳು ತ್ರೀಣಿ ಎನ್ನುತ್ತಾರೆ. ಯಾವುದು ಸರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎರಡೂ ಸರಿಯೆಂದೂ, ಬರಿಯ ಎಣಿಕೆಗೆ ನಪುಂಸಕಲಿಂಗದ ರೂಪವನ್ನು ಬಳಸುವರೆಂದೂ, ಸ್ತ್ರೀಲಿಂಗಕ್ಕೆ ತಿಸ್ರಃ ಎಂಬ ಬೇರೊಂದು ರೂಪವಿದೆಯೆಂದೂ, ಪಂಚದಿಂದ ಮುಂದೆ ಈ ಲಿಂಗಭೇದವೇ ಇಲ್ಲವೆಂದೂ ಹೇಳಿದೆನು. ಅವಳು ಗಾಡಿಗೆ ಒರಗಿ ನಿಂತು ಎಲ್ಲವನ್ನೂ ಬರೆದುಕೊಂಡಳು. ಮೂವತ್ತು ವರ್ಷಕ್ಕೂ ಮಿಕ್ಕಿ ಶಬ್ದಗಳನ್ನು ಬಾಯಿಪಾಠ ಮಾಡಿಸಿದವನು ನಾನು. ಈ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಅವಳ ಚೀಲದಲ್ಲಿ ಜೋಯಿಸರ 'ಯೋಗಮಾಲಾ' ಇಂಗ್ಲಿಷಿನಲ್ಲಿತ್ತು. ಆ ಗ್ರಂಥವು ಕನ್ನಡದಲ್ಲಿಯೇ ರಚಿತವಾಗಿ 1962ರಲ್ಲಿ ಅಚ್ಚಾದುದು. ಇಂಗ್ಲಿಷಿಗೆ ಬಂದುದು 1999ರಲ್ಲಿ. ಕೃಷ್ಣಮಾಚಾರ್ಯರ 'ಯೋಗಮಕರಂದ'ವೂ 1934ರಲ್ಲಿ ಮೊದಲು ಹೊರಬಂದುದು ಕನ್ನಡದಲ್ಲಿಯೇ. ನಮ್ಮ ಬಂಧುಗಳ ಮನೆಯಲ್ಲಾಗಲಿ ನಮ್ಮ ಕೊಳಾರದ ಮನೆಯಲ್ಲಾಗಲಿ ಇವೆರಡರಲ್ಲಿ ಒಂದೂ ಇರಲಿಲ್ಲ. ಲೋಕವೆಲ್ಲ ಭಾಷಾಂತರದಲ್ಲಿ ಓದುವುದನ್ನು ಮೂಲದಲ್ಲಿ ಓದಬಲ್ಲ ಗೃಹಸ್ಥರು ನಾವು, ಪುಸ್ತಕದ ಹೆಸರನ್ನು ಪರದೇಶದವಳಿಂದ ಕೇಳಿ ತಿಳಿಯಬೇಕೆ?

ಹುಣ್ಣಿಮೆ ಅಮಾವಾಸ್ಯೆಗಳಲ್ಲಿಯೂ ಅವರಿಗೆ ಅನಧ್ಯಯನ. ಮಾರ್ಗಶಿರದ ಹುಣ್ಣಿಮೆಯಂದು ಅವರಲ್ಲಿ ಐದಾರು ಮಂದಿ ಚಾಮುಂಡಿ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಏರಲು ಹೊರಟರು. ಮೆಟ್ಟಿಲುಗಳನ್ನು ಸಂಸ್ಕೃತದಲ್ಲಿಯೇ ಎಣಿಸಬೇಕೆಂದು ಅವರ ಹಟ. ಆಸನಗಳ ಎಣಿಕೆಯಿಂದ ಅಷ್ಟಾವಿಂಶತಿಯವರೆಗೆ ಅವರಿಗೆ ಬರುತ್ತಿತ್ತು. ಮೆಟ್ಟಿಲುಗಳೋ ಸಾವಿರಕ್ಕೂ ಮಿಕ್ಕಿದ್ದವು. ಹಿಂದಿನ ರಾತ್ರಿ ಕುಳಿತು ಏಕೋನತ್ರಿಂಶತ್‌ನಿಂದ ಶತದವರೆಗೆ ನಾಗರಿಯಲ್ಲಿಯೂ ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದು, ಆಮೇಲಿನದಕ್ಕೆ ಸೂತ್ರವನ್ನು ತಿಳಿಸಿ ಕೊಟ್ಟೆನು. ಸಹಸ್ರವನ್ನು ಮುಟ್ಟಿದಾಗ ಒಬ್ಬನು ನವಶತವನ್ನು ಎರಡು ಸಲ ಎಣಿಸಿದ್ದನೆಂದು ಜಗಳವಾಯಿತಂತೆ.