ಮುಲಾಮಿಗೆ ಮುನ್ನ ನೀರು

ಈಳಿಗೆಮಣೆಯ ಮುಂದೆ ಕುಳಿತು ಹೀರೇಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡ ಗೃಹಿಣಿಯಾಗಲಿ, ಅಂಗಳದಲ್ಲಿ ಮುಗ್ಗರಿಸಿ ಮೊಣಕಾಲು ತರಚಿಕೊಂಡ ಬಾಲಕನಾಗಲಿ, ಮೊದಲು ಅರಸುವುದು ಕಪಾಟಿನ ಮೂಲೆಯಲ್ಲಿ ಹೊಟ್ಟೆ ಬತ್ತಿ ಮಲಗಿರುವ ಮುಲಾಮಿನ ಟ್ಯೂಬನ್ನು. ನಲ್ಲಿಯ ನೀರು ಯಾರಿಗೂ ನೆನಪಾಗುವುದಿಲ್ಲ. ಏನನ್ನಾದರೂ ಬಳಿದ ಹೊರತು ಉಪಚಾರವಾದಂತಾಗದೆಂಬ ಭಾವನೆ ನಮ್ಮಲ್ಲಿ ಎಷ್ಟು ದೃಢವೆಂದರೆ, ಟ್ಯೂಬು ಸಿಗದಿದ್ದರೆ ಅರಿಸಿನ, ಅದೂ ಇಲ್ಲದಿದ್ದರೆ ಕಾಫಿಪುಡಿ!

ಈ ವಿಶ್ವಾಸ ನಿರಾಧಾರವಾದುದೇನಲ್ಲ. 1865ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು, ಗಾಡಿಯ ಚಕ್ರ ಹರಿದು ಕಾಲು ಮುರಿದ ಹನ್ನೊಂದರ ಹುಡುಗನೊಬ್ಬನ ಗಾಯಕ್ಕೆ ನಂಜುನಿವಾರಕವಾದ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ, ಅದು ಕೀವುಗೂಡದೆ ಮಾಯ್ದುದನ್ನು ಕಂಡನು. ನಮ್ಮಲ್ಲಿಯೂ 1929ರಲ್ಲಿ ಕಲ್ಕತ್ತೆಯ ಗೌರಮೋಹನ ದತ್ತರು ಬೋರಿಕ್ ಆಮ್ಲ, ಸತುವಿನ ಭಸ್ಮ ಮತ್ತು ಉಣ್ಣೆಯ ಮೇಣಗಳನ್ನು ಕೂಡಿಸಿ, ಆನೆಯ ಗುರುತಿನ ಹಸಿರು ಟ್ಯೂಬಿನಲ್ಲಿ ಬೋರೋಲೀನನ್ನು ಮನೆಮನೆಗೆ ಮುಟ್ಟಿಸಿದರು. ಆದರೆ ಮೊದಲ ಮಹಾಯುದ್ಧದ ಕಾಲದಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗನು ಸೈನಿಕರ ಆಳವಾದ ಗಾಯಗಳನ್ನು ಪರೀಕ್ಷಿಸಿ, ತೀಕ್ಷ್ಣವಾದ ನಂಜುನಿವಾರಕಗಳು ಕ್ರಿಮಿಗಳಿಗಿಂತ ಮೊದಲು ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳನ್ನೇ ಕೊಲ್ಲುತ್ತವೆಂದು ತೋರಿಸಿದನು. ಹುಣ್ಣಿನ ಮೇಲೆ ಸುರಿದ ಹೈಡ್ರೋಜನ್ ಪೆರಾಕ್ಸೈಡು ಬುಸುಗುಟ್ಟಿ ನೊರೆಯುಕ್ಕಿಸುವುದನ್ನು ಕಂಡು ಹಿಗ್ಗುವವರು ಇದನ್ನು ಗಮನಿಸಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕೈ ತೊಳೆದು, ಶುಭ್ರವಾದ ಬಟ್ಟೆಯಿಂದ ಗಾಯವನ್ನು ಅದುಮಿ ರಕ್ತವನ್ನು ನಿಲ್ಲಿಸಿ, ಬಳಿಕ ಹರಿಯುವ ನೀರಿನಲ್ಲಿ ಮಣ್ಣುಕಲ್ಲುಗಳೆಲ್ಲ ಹೋಗುವಂತೆ ತೊಳೆದು, ಒತ್ತಿ ಒರೆಸಿದ ಮೇಲೆಯೇ ಮುಲಾಮಿನ ಸರದಿ. ಅದೂ ಎಳೆಯಷ್ಟು, ಟ್ಯೂಬಿನ ಬಾಯಿ ಗಾಯಕ್ಕೆ ತಾಗದಂತೆ. ಮೇಲೆ ಪಟ್ಟಿ ಹಾಕಿ, ನಿತ್ಯವೂ ಬದಲಿಸತಕ್ಕದ್ದು. ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿಸುವುದೇ ಲೇಸೆಂದು ಹಿರಿಯರು ಹೇಳುತ್ತಿದ್ದರು; ಆದರೆ 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರನು ಹಂದಿಗಳ ಗಾಯಗಳನ್ನು ತೆಳುಹಾಳೆಯಿಂದ ಮುಚ್ಚಿ, ತೇವವುಳಿದ ಗಾಯದಲ್ಲಿ ಹೊಸ ಚರ್ಮವು ಸುಮಾರು ಇಮ್ಮಡಿ ವೇಗದಲ್ಲಿ ಹಬ್ಬುವುದೆಂದು ರುಜುವಾತುಪಡಿಸಿದನು. ಮುಲಾಮಿನ ಅರ್ಧ ಪುಣ್ಯ ಈ ತೇವದ್ದೇ; ಸಾಧಾರಣವಾದ ಶುದ್ಧ ಗಾಯಕ್ಕೆ ಬರಿಯ ಪೆಟ್ರೋಲಿಯಂ ಜೆಲ್ಲಿಯೂ ಸಾಕಾಗುತ್ತದೆ.

ಮುಲಾಮಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಬೋರಿಕ್ ಆಮ್ಲವು ಸುಲಿದ ಚರ್ಮದ ಮೂಲಕ ರಕ್ತಕ್ಕೆ ಸೇರಬಲ್ಲುದಾದುದರಿಂದ ಹಸುಗೂಸುಗಳ ಗಾಯಕ್ಕೆ ಅದು ಸಲ್ಲದು. ನಿಯೋಮೈಸಿನ್ ಎಂಬ ಪ್ರತಿಜೈವಿಕ ಔಷಧ ಕೂಡಿದ ಮುಲಾಮು ಕೆಲವರಿಗೆ ಒಗ್ಗದೆ, ತುರಿಕೆಯೆಬ್ಬಿಸಿ ಕೆಂಪೇರಿಸುತ್ತದೆ. ಅದನ್ನು ನಂಜೆಂದು ಬಗೆದು ಮತ್ತಷ್ಟು ಬಳಿಯುವವರ ಪಾಡು ಹೇಳತೀರದು. ಎಲ್ಲಕ್ಕೂ ಮಿಗಿಲಾದ ಅಪಾಯ, ತುರಿಕೆಗೆಂದು ತಂದ ಸ್ಟೆರಾಯ್ಡ್ ಮಿಶ್ರಿತ ಟ್ಯೂಬನ್ನು ಗಾಯಕ್ಕೆ ಹಚ್ಚುವುದು. ಅದು ಮಾಯುವಿಕೆಯನ್ನೇ ತಡೆಯುತ್ತದೆ.

ಸುಟ್ಟ ಗಾಯಕ್ಕೆ ಮೊದಲ 20 ನಿಮಿಷ ತಣ್ಣನೆಯ ಹರಿಯುವ ನೀರೇ ಮದ್ದು. ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಿನಿಂದ ತೊಳೆದು ಆಸ್ಪತ್ರೆಗೆ ಧಾವಿಸಬೇಕಲ್ಲದೆ ಮುಲಾಮಿಗಾಗಿ ತಡಕಾಡಕೂಡದು. ಮಣ್ಣು ಮೆತ್ತಿದ ಆಳವಾದ ಗಾಯವಾಗಿ, ಧನುರ್ವಾಯುವಿನ ಚುಚ್ಚುಮದ್ದು ಪಡೆದು ಐದು ವರ್ಷಗಳು ಕಳೆದಿದ್ದರೆ ಆಗಲೂ ವೈದ್ಯರನ್ನು ಕಾಣತಕ್ಕದ್ದು. ಕೆಂಪು ಹರಡಿ, ಕೀವು ಕಟ್ಟಿ, ಜ್ವರ ಬಂದರಂತೂ ವಿಳಂಬ ಸಲ್ಲದು.

ಇನ್ನು ಕಪಾಟಿನ ಆ ಟ್ಯೂಬು. ಅವಧಿ ಮುಗಿಯುವ ತಾರೀಖನ್ನು ಸಾಮಾನ್ಯವಾಗಿ ಅದರ ಬಾಲದ ಮಡಿಕೆಯಲ್ಲಿ ಒತ್ತಿರುತ್ತಾರೆ. ಮಿತವ್ಯಯಿಗಳಾದ ನಾವು ಕಡೆಯ ಹನಿಗಾಗಿ ಬಾಲದಿಂದಲೇ ಸುರುಳಿ ಸುತ್ತುತ್ತ ಬಂದು, ತಾರೀಖನ್ನು ಒಳಗೆ ಬಚ್ಚಿಟ್ಟಿರುತ್ತೇವೆ.