ಮನೆ ಸರ್ಕಾರದ್ದು, ದಾರಿ ಖಾಸಗಿಯವರದ್ದು: ಐರ್ಲೆಂಡಿನ ಕ್ಯಾಸಲ್‌ಟೌನ್ ಹೌಸ್ ವಿವಾದದ ಹಿನ್ನೆಲೆ ಏನು?

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಕಿಲ್ಡೇರ್ ಜಿಲ್ಲೆಯ ಸೆಲ್ಬ್ರಿಜ್ ಪಟ್ಟಣದ ಅಂಚಿನಲ್ಲಿ ಮೂರು ಶತಮಾನ ಹಳೆಯದಾದ ಒಂದು ಭಾರಿ ಬಂಗಲೆಯಿದೆ. ಹೆಸರು ಕ್ಯಾಸಲ್‌ಟೌನ್ ಹೌಸ್. ಅದು ಸರ್ಕಾರದ ಆಸ್ತಿ. ಸುತ್ತಲಿನ ಉದ್ಯಾನಕ್ಕೆ ವರ್ಷವಿಡೀ ಪ್ರವೇಶ ಉಚಿತ. ನಾಯಿ ಕರೆದುಕೊಂಡು ವಾಕಿಂಗ್ ಬರುವವರು, ಮಕ್ಕಳ ತಳ್ಳುಗಾಡಿ ನೂಕಿಕೊಂಡು ಬರುವ ತಾಯಂದಿರು, ಲಿಫಿ ನದಿಯ ದಂಡೆಯಲ್ಲಿ ಓಡುವವರು ಎಲ್ಲರಿಗೂ ಅದು ಊರಿನ ಅಂಗಳ.

2023ರ ಸೆಪ್ಟೆಂಬರ್‌ನಲ್ಲಿ ಈ ಜಾಗಕ್ಕೆ ವಾಹನಗಳು ಬರುತ್ತಿದ್ದ ಮುಖ್ಯ ದಾರಿ ಬಂದ್ ಆಯಿತು. ಪಾರ್ಕಿಂಗ್ ಜಾಗವೂ ಹೋಯಿತು. ಕಾರಣ ಸರಳ. ಬಂಗಲೆ ಸರ್ಕಾರದ್ದಾದರೂ ಹೆದ್ದಾರಿಯಿಂದ ಅಲ್ಲಿಗೆ ಹೋಗುವ ರಸ್ತೆ ಮತ್ತು ಪಾರ್ಕಿಂಗ್ ಇದ್ದದ್ದು ಖಾಸಗಿ ಜಮೀನಿನಲ್ಲಿ. ಆ ಜಮೀನು ಕೈ ಬದಲಾದಾಗ ಹಳೆಯ ಒಪ್ಪಂದವೂ ಮುಗಿಯಿತು. ಮನೆ ಉಳಿಸಿಕೊಂಡರೆ ಪರಂಪರೆ ಉಳಿಯಿತೇ, ಅದರ ಸುತ್ತಲಿನ ನೆಲವನ್ನೂ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಅದನ್ನು ತಿಳಿಯಲು ಈ ಮನೆಯ ಕಥೆಯನ್ನು ಮೊದಲಿನಿಂದ ನೋಡಬೇಕು.

ಕಟ್ಟಿಸಿದವರು ಯಾರು?

ಕ್ಯಾಸಲ್‌ಟೌನ್ ಕಟ್ಟಿಸಿದ ವಿಲಿಯಂ ಕಾನಲಿ ಹುಟ್ಟು ಶ್ರೀಮಂತನಲ್ಲ. ಉತ್ತರದ ಡೊನೆಗಾಲ್ ಜಿಲ್ಲೆಯಲ್ಲಿ ಛತ್ರದಂಥ ವಸತಿಗೃಹ ನಡೆಸುತ್ತಿದ್ದವನ ಮಗ. ಕಾನೂನು ಕಲಿತು ವಕೀಲನಾದ. 1690ರ ಬಾಯ್ನ್ ಕದನದಲ್ಲಿ ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್ ಸೋತು, ಪ್ರೊಟೆಸ್ಟೆಂಟ್ ರಾಜ ಮೂರನೇ ವಿಲಿಯಂ ಗೆದ್ದ ಮೇಲೆ ಸೋತವರ ಜಮೀನುಗಳನ್ನು ಮುಟ್ಟುಗೋಲು ಹಾಕಲಾಯಿತು. ಆ ಜಮೀನುಗಳ ವ್ಯವಹಾರದಲ್ಲಿ ಕಾನಲಿ ದೊಡ್ಡ ಹಣ ಮಾಡಿದ. ಕ್ಯಾಥೊಲಿಕರು ಜಮೀನು ಕೊಳ್ಳುವಂತಿಲ್ಲ ಎಂಬ ಕಾನೂನು 1704ರಲ್ಲಿ ಬಂದದ್ದರಿಂದ ಪೈಪೋಟಿಯೂ ಕಡಿಮೆಯಾಗಿತ್ತು. 1709ರಲ್ಲಿ ಆತ ಕ್ಯಾಸಲ್‌ಟೌನ್ ಜಮೀನನ್ನು ಲಿಮರಿಕ್‌ನ ಅರ್ಲ್ ಥಾಮಸ್ ಡಾಂಗನ್‌ನಿಂದ ಕೊಂಡ. ಡಾಂಗನ್ ಕುಟುಂಬವೂ ಆ ಯುದ್ಧದಲ್ಲಿ ಸೋತ ಪಕ್ಷದಲ್ಲಿತ್ತು.

1715ರಿಂದ 1729ರಲ್ಲಿ ಸಾಯುವ ವರ್ಷದವರೆಗೆ ಕಾನಲಿ ಐರಿಷ್ ಸಂಸತ್ತಿನ ಕೆಳಮನೆಯ ಸ್ಪೀಕರ್ ಆಗಿದ್ದ. ದೇಶದ ಅತಿ ಶ್ರೀಮಂತ ಎಂದು ಹೆಸರಾಗಿದ್ದ ಈತ 1722ರಲ್ಲಿ ಬಂಗಲೆಯ ಕೆಲಸ ಆರಂಭಿಸಿದ. ನೆಲಮಾಳಿಗೆಯ ಮೇಲೆ ಮೂರು ಅಂತಸ್ತು, ಮುಂಭಾಗದಲ್ಲಿ ಸಾಲಿಗೆ 13 ಕಿಟಕಿ. ಮುಖ್ಯ ಕಟ್ಟಡದ ಎರಡೂ ಬದಿಗೆ ಬಾಗಿದ ಕಂಬಸಾಲು, ಅವುಗಳ ತುದಿಗೆ ಒಂದೊಂದು ಪಕ್ಕದ ಕಟ್ಟಡ. ಒಂದರಲ್ಲಿ ಅಡುಗೆಮನೆ, ಇನ್ನೊಂದರಲ್ಲಿ ಕುದುರೆ ಲಾಯ. ಇಟಲಿಯ ಪಲ್ಲಾಡಿಯೋ ಶೈಲಿಯನ್ನು ಐರ್ಲೆಂಡಿನಲ್ಲಿ ಇಷ್ಟು ದೊಡ್ಡದಾಗಿ ಮೊದಲು ತಂದದ್ದು ಈ ಮನೆಯೇ.

ಮುಂಭಾಗದ ವಿನ್ಯಾಸ ಇಟಲಿಯ ಅಲೆಸ್ಸಾಂಡ್ರೊ ಗೆಲಿಲಿಯದು. ಮುಂದೆ ರೋಮ್‌ನ ಸೇಂಟ್ ಜಾನ್ ಲ್ಯಾಟರನ್ ಚರ್ಚಿನ ಮುಖಭಾಗ ವಿನ್ಯಾಸ ಮಾಡಿದವನೂ ಅವನೇ. ಆದರೆ ಕೆಲಸ ಶುರುವಾಗುವ ಮೊದಲೇ ಆತ ಐರ್ಲೆಂಡ್ ಬಿಟ್ಟಿದ್ದ. ಅದನ್ನು ಮುಂದುವರಿಸಿದ್ದು ಐರಿಷ್ ವಾಸ್ತುಶಿಲ್ಪಿ ಎಡ್ವರ್ಡ್ ಲೊವೆಟ್ ಪಿಯರ್ಸ್. ಡಬ್ಲಿನ್‌ನಲ್ಲಿ ಈಗ ಬ್ಯಾಂಕ್ ಆಫ್ ಐರ್ಲೆಂಡ್ ಇರುವ ಹಳೆಯ ಸಂಸತ್ ಭವನವೂ ಇವನ ವಿನ್ಯಾಸವೇ.

ಬರಗಾಲದ ಕೂಲಿಗೆ ಎದ್ದ ಸ್ತಂಭ

ಕಾನಲಿ ಸತ್ತ ಮೇಲೆ ಆಸ್ತಿ ನೋಡಿಕೊಂಡದ್ದು ಅವನ ವಿಧವೆ ಕ್ಯಾಥರೀನ್. 1739-40ರ ಚಳಿಗಾಲ ಐರ್ಲೆಂಡಿಗೆ ಘೋರವಾಗಿತ್ತು. ನದಿಗಳು ಹೆಪ್ಪುಗಟ್ಟಿದವು, ನೆಲದೊಳಗೆ ಇಟ್ಟಿದ್ದ ಆಲೂಗಡ್ಡೆ ಕೊಳೆಯಿತು. ನಂತರದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಆಗ ಸುತ್ತಲಿನ ಬಡವರಿಗೆ ಕೂಲಿ ಸಿಗಲೆಂದು ಕ್ಯಾಥರೀನ್ ಎತ್ತರದ ಕಲ್ಲಿನ ಸ್ತಂಭವೊಂದನ್ನು ಕಟ್ಟಿಸಿದಳು. ಕಮಾನುಗಳ ಮೇಲೆ ಕಮಾನು ಇಟ್ಟು, ತುದಿಯಲ್ಲಿ ಚೂಪಾದ ಕಂಬ ನಿಲ್ಲಿಸಿದ ಅದರ ಎತ್ತರ ಸುಮಾರು 140 ಅಡಿ. ಜನ ಅದನ್ನು ಕಾನಲಿ ಫಾಲಿ ಎನ್ನುತ್ತಾರೆ. 1743ರಲ್ಲಿ ಹತ್ತಿರದ ಲೀಕ್ಸ್‌ಲಿಪ್‌ನಲ್ಲಿ ವಂಡರ್‌ಫುಲ್ ಬಾರ್ನ್ ಎಂಬ ಕಣಜವೂ ಎದ್ದಿತು. ಬುಗುರಿಯನ್ನು ಬೋರಲು ಇಟ್ಟಂಥ ಆಕಾರ, ಹೊರಮೈ ಸುತ್ತಿಕೊಂಡು ಮೇಲೇರುವ 94 ಮೆಟ್ಟಿಲು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ತಂಭ ಬಂಗಲೆಯಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದೆ. ಅದು ನಿಂತಿದ್ದ ನೆಲ ನೆರೆಯ ಕಾರ್ಟನ್ ಆಸ್ತಿಗೆ ಸೇರಿತ್ತು. ಆದರೂ ಅದನ್ನು ಅಲ್ಲೇ ಕಟ್ಟಿದ್ದು ಬಂಗಲೆಯ ಹಿಂಬದಿಯಿಂದ ನೋಟ ನೇರವಾಗಿ ಅದಕ್ಕೇ ತಾಗಲಿ ಎಂದು. ಅಂದರೆ ಮನೆ, ಮರಗಳ ಸಾಲು, ಬಯಲು, ಸ್ತಂಭ ಎಲ್ಲವೂ ಸೇರಿ ಒಂದೇ ರಚನೆ. ನಡುವಿನ ಬಯಲಿನಲ್ಲಿ ಏನಾದರೂ ಎದ್ದರೆ ಮನೆಯ ಒಂದು ಕಲ್ಲೂ ಅಲುಗದೆ ಆ ರಚನೆ ಕೆಡುತ್ತದೆ.

ಲೂಯಿಸಾ ಮತ್ತು ಭಾರತದ ನಂಟು

ಈಗ ಪ್ರವಾಸಿಗರು ನೋಡುವ ಕ್ಯಾಸಲ್‌ಟೌನ್ ಬಹುಪಾಲು ಲೇಡಿ ಲೂಯಿಸಾಳ ಕೈಕೆಲಸ. ಇಂಗ್ಲೆಂಡಿನ ರಿಚ್ಮಂಡ್ ಡ್ಯೂಕ್‌ನ ಮಗಳಾದ ಆಕೆ 1758ರಲ್ಲಿ, ಹದಿನೈದನೆಯ ವಯಸ್ಸಿಗೆ, ಕಾನಲಿ ಮನೆತನದ ವಾರಸುದಾರ ಟಾಮ್‌ನನ್ನು ಮದುವೆಯಾದಳು. ಗೋಡೆಯಿಂದ ಹೊರಚಾಚಿ ಕಂಬವಿಲ್ಲದೆ ನಿಂತಿರುವ ಕಲ್ಲಿನ ಮೆಟ್ಟಿಲು, ವೆನಿಸ್‌ನ ಗಾಜಿನ ತೂಗುದೀಪಗಳಿರುವ ಉದ್ದನೆಯ ಚಿತ್ರಶಾಲೆ ಅವಳ ಕಾಲದವು. ಅಚ್ಚಾದ ಚಿತ್ರಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿ ಸಿಂಗರಿಸಿದ ಪ್ರಿಂಟ್ ರೂಮ್ ಎಂಬ ಕೋಣೆಯನ್ನು ಅವಳೇ ಮಾಡಿದಳು. ಹದಿನೆಂಟನೇ ಶತಮಾನದ ಅಂಥ ಕೋಣೆ ಐರ್ಲೆಂಡಿನಲ್ಲಿ ಪೂರ್ತಿಯಾಗಿ ಉಳಿದಿರುವುದು ಇದೊಂದೇ. ಲಿಫಿ ನದಿಯ ದಂಡೆಯ ಕಾಲುದಾರಿಗಳು, ಸಹಜವಾಗಿ ಬೆಳೆದಂತೆ ಕಾಣುವ ಮರಗಳ ಗುಂಪುಗಳೂ ಅವಳ ಕಾಲದಲ್ಲೇ ರೂಪುಗೊಂಡವು. 1821ರಲ್ಲಿ ಆಕೆ ಸತ್ತದ್ದು ಮನೆಯೊಳಗಲ್ಲ. ಮನೆ ಕಣ್ಣೆದುರಿಗೆ ಇರಲೆಂದು ಹುಲ್ಲುಹಾಸಿನ ಮೇಲೆ ಹಾಕಿಸಿಕೊಂಡಿದ್ದ ಡೇರೆಯಲ್ಲಿ.

ಈ ಕುಟುಂಬದ ಕಥೆ ಭಾರತದ ಚರಿತ್ರೆಯನ್ನೂ ಮುಟ್ಟುತ್ತದೆ. ಲೂಯಿಸಾಳ ಅಕ್ಕನ ಮಗ ಲಾರ್ಡ್ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ 1798ರಲ್ಲಿ ಬ್ರಿಟಿಷರ ವಿರುದ್ಧದ ಬಂಡಾಯದ ನಾಯಕರಲ್ಲಿ ಒಬ್ಬ. ಸಿಕ್ಕಿಬಿದ್ದಾಗ ಆದ ಗಾಯದಿಂದ ಆ ಜೂನ್‌ನಲ್ಲಿ ಜೈಲಿನಲ್ಲೇ ಸತ್ತ. ಅವನನ್ನು ಕೊನೆಯದಾಗಿ ನೋಡಲು ಲೂಯಿಸಾ ಪರದಾಡಿ ಅನುಮತಿ ಪಡೆದಿದ್ದಳು. ಅದೇ ತಿಂಗಳು ಐರ್ಲೆಂಡಿನ ವೈಸ್‌ರಾಯ್ ಆಗಿ ಬಂದವನು ಲಾರ್ಡ್ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯ ಕಸಿದು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ ಅದೇ ಕಾರ್ನ್‌ವಾಲಿಸ್. ಅವನ ಅವಧಿಯಲ್ಲೇ ಐರ್ಲೆಂಡಿನ ಸಂಸತ್ತು ರದ್ದಾಗಿ ದೇಶ ಬ್ರಿಟನ್‌ನಲ್ಲಿ ವಿಲೀನವಾಯಿತು.

ಲೂಯಿಸಾಳ ತಂಗಿ ಸಾರಾ ಸೆಲ್ಬ್ರಿಜ್‌ನಲ್ಲೇ ನೆಲೆಸಿದ್ದಳು. ಅಲ್ಲಿ ಬೆಳೆದ ಆಕೆಯ ಮಗ ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ್ ಗೆದ್ದ ಸೇನಾಪತಿ. ಆ ಸಿಂಧ್ ಪ್ರಾಂತ್ಯ ಮುಂದೆ ಮುಂಬಯಿ ಪ್ರೆಸಿಡೆನ್ಸಿಗೆ ಸೇರಿ 1936ರವರೆಗೆ ಅದರ ಭಾಗವಾಗಿತ್ತು.

ದೊಡ್ಡ ಮನೆಗಳು ಕುಸಿದದ್ದೇಕೆ?

ಇಂಥ ಬಂಗಲೆಗಳನ್ನು ಐರ್ಲೆಂಡಿನಲ್ಲಿ ಜನ ‘ದೊಡ್ಡ ಮನೆ’ ಎಂದೇ ಕರೆಯುತ್ತಿದ್ದರು. ಅವು ನಿಂತಿದ್ದದ್ದು ಗೇಣಿಯ ಮೇಲೆ. ಸಾವಿರಾರು ಎಕರೆಯನ್ನು ಒಕ್ಕಲುಗಳಿಗೆ ಕೊಟ್ಟು, ಬಂಗಲೆಯ ಸುತ್ತಲಿನ ಒಂದಷ್ಟು ನೆಲವನ್ನು ಒಡೆಯ ತನ್ನ ಬಳಕೆಗೆ ಉಳಿಸಿಕೊಳ್ಳುತ್ತಿದ್ದ. ಈ ನೆಲಕ್ಕೆ ಡಿಮೇನ್ ಎಂದು ಹೆಸರು. ಉದ್ಯಾನ, ಕಾಡು, ಕೆರೆ, ಎತ್ತರದ ಕಾಂಪೌಂಡ್ ಗೋಡೆ ಎಲ್ಲ ಅದರ ಭಾಗ. ಊರವರಿಗೆ ಒಳಗೆ ಪ್ರವೇಶ ಇರುತ್ತಿರಲಿಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಬಂದ ಭೂ ಕಾಯ್ದೆಗಳು, ಮುಖ್ಯವಾಗಿ 1903ರ ವಿಂಡಮ್ ಕಾಯ್ದೆ, ಒಕ್ಕಲುಗಳೇ ಜಮೀನು ಕೊಳ್ಳಲು ಸರ್ಕಾರದ ಸಾಲ ಕೊಟ್ಟವು. ಬಂಗಲೆಗಳ ಆದಾಯ ನಿಂತಿತು. ಸ್ವಾತಂತ್ರ್ಯ ಹೋರಾಟ ಮತ್ತು ಅಂತರ್ಯುದ್ಧದ 1920-23ರ ಅವಧಿಯಲ್ಲಿ 200ಕ್ಕೂ ಹೆಚ್ಚು ದೊಡ್ಡ ಮನೆಗಳು ಬೆಂಕಿಗೆ ಆಹುತಿಯಾದವು. ಉಳಿದವುಗಳಲ್ಲಿ ಅನೇಕವನ್ನು ನಿರ್ವಹಣೆ ತಾಳಲಾರದೆ ಕೆಡವಿದರು. ಪರಕೀಯ ಆಳ್ವಿಕೆಯ ಗುರುತು ಎಂದು ನೋಡುತ್ತಿದ್ದ ಕಟ್ಟಡಗಳಿಗೆ ತೆರಿಗೆ ಹಣ ಸುರಿಯಲು ಹೊಸ ಸರ್ಕಾರಕ್ಕೂ ಮನಸ್ಸಿರಲಿಲ್ಲ.

ಕಾನಲಿ ಕುಟುಂಬ 1965ರಲ್ಲಿ ಕ್ಯಾಸಲ್‌ಟೌನ್ ಮಾರಿತು. ಕೊಂಡವರು ಬಡಾವಣೆ ಕಟ್ಟುವವರು. ಬಂಗಲೆ ಖಾಲಿ ಬಿದ್ದಿದ್ದ ಎರಡು ವರ್ಷಗಳಲ್ಲಿ ಕಳ್ಳರು ಚಾವಣಿಯ ಸೀಸ ಕಿತ್ತರು, ಕಿಡಿಗೇಡಿಗಳು ಕಿಟಕಿ ಒಡೆದರು. 1967ರಲ್ಲಿ ಹೆಸರಾಂತ ಬಿಯರ್ ಮನೆತನದ ಡೆಸ್ಮಂಡ್ ಗಿನ್ನೆಸ್ 93 ಸಾವಿರ ಪೌಂಡ್ ಕೊಟ್ಟು ಬಂಗಲೆ ಮತ್ತು 120 ಎಕರೆ ಜಮೀನನ್ನು ಕೊಂಡರು. ಅವರು ಮತ್ತು ಪತ್ನಿ ಮರೀಗಾ 1958ರಲ್ಲಿ ಸ್ಥಾಪಿಸಿದ್ದ ಐರಿಷ್ ಜಾರ್ಜಿಯನ್ ಸೊಸೈಟಿಯ ಸ್ವಯಂಸೇವಕರು ಗೋಡೆ ಉಜ್ಜಿ, ಬಣ್ಣ ಬಳಿದು ಮನೆಯನ್ನು ಸರಿಪಡಿಸಿದರು. ಅದೇ ವರ್ಷ ಮನೆ ಸಾರ್ವಜನಿಕರಿಗೆ ತೆರೆಯಿತು. 1989ರಲ್ಲಿ ತೀರಿಕೊಂಡ ಮರೀಗಾ ಅವರ ಸಮಾಧಿ ಕಾನಲಿ ಫಾಲಿಯ ಬುಡದಲ್ಲೇ ಇದೆ.

1994ರಲ್ಲಿ ಬಂಗಲೆ ಸರ್ಕಾರಕ್ಕೆ ಹಸ್ತಾಂತರವಾಯಿತು. ಐರ್ಲೆಂಡಿನ ಲೋಕೋಪಯೋಗಿ ಇಲಾಖೆ ಅದನ್ನು ದುರಸ್ತಿ ಮಾಡಿ, ಸುತ್ತಲಿನ ಒಂದಷ್ಟು ಜಮೀನನ್ನೂ ಹಂತ ಹಂತವಾಗಿ ಸೇರಿಸಿಕೊಂಡಿತು. ಆದರೆ ಹಳೆಯ ಡಿಮೇನ್‌ನ ದೊಡ್ಡ ತುಂಡೊಂದು ಖಾಸಗಿಯವರ ಕೈಯಲ್ಲೇ ಉಳಿಯಿತು.

2023ರಲ್ಲಿ ನಡೆದದ್ದೇನು?

ಎಂ4 ಹೆದ್ದಾರಿಯಿಂದ ಬಂಗಲೆಗೆ ಬರುವ ರಸ್ತೆ ಆ ಖಾಸಗಿ ತುಂಡಿನ ಮೂಲಕ ಹಾದಿತ್ತು. ಮಾಲೀಕರೊಂದಿಗೆ ಮಾಡಿಕೊಂಡ ಒಪ್ಪಂದದ ಮೇಲೆ ಇಲಾಖೆ ಅದನ್ನು ವರ್ಷಗಟ್ಟಲೆ ಬಳಸಿತು. ಜಮೀನು ಮಾರಾಟಕ್ಕೆ ಬಂದಾಗ ಅದು ಸರ್ಕಾರದ ಪಾಲಾಗಲಿಲ್ಲ. ಖಾಸಗಿ ಕಂಪನಿಯೊಂದು ಕೊಂಡಿತು.

ರಸ್ತೆ ಮುಚ್ಚಿದ ಮೇಲೆ ಉಳಿದದ್ದು ಸೆಲ್ಬ್ರಿಜ್ ಪಟ್ಟಣದ ಕಡೆಯ ಹಳೆಯ ಬಾಗಿಲುಗಳು. ಪಟ್ಟಣದ ಮುಖ್ಯ ಬೀದಿಯಿಂದ ಬಂಗಲೆಗೆ ಲೈಮ್ ಮರಗಳ ಸಾಲಿನ ದಾರಿಯಿದೆ. ಅದು ನಡೆಯುವವರ ದಾರಿ. ಅಲ್ಲಿ ವಾಹನ ಬಿಟ್ಟು, ಉದ್ಯಾನದೊಳಗೆ ಪಾರ್ಕಿಂಗ್ ಮಾಡುವ ಇಲಾಖೆಯ ಆಲೋಚನೆಯನ್ನು ಸ್ಥಳೀಯರು ಒಪ್ಪಲಿಲ್ಲ. ಸುಮಾರು 20 ಸಾವಿರ ಜನರ ಪಟ್ಟಣ, ಮೊದಲೇ ಇಕ್ಕಟ್ಟಾದ ಬೀದಿಗಳು. ಮಕ್ಕಳು ಓಡಾಡುವ ಹಾದಿಗೆ ಕಾರು, ಲಾರಿ ಬಿಡುವುದು ಬೇಡ ಎಂದು ಬಾಗಿಲ ಬಳಿ ಜನ ತಿಂಗಳುಗಟ್ಟಲೆ ಪ್ರತಿಭಟನೆ ನಡೆಸಿದರು. ಬಂಗಲೆಯ ಪ್ರವಾಸಿ ಚಟುವಟಿಕೆ ಅಸ್ತವ್ಯಸ್ತವಾಯಿತು. ನಡೆದು ಬರಬಲ್ಲವರಿಗೆ ಉದ್ಯಾನ ತೆರೆದೇ ಇತ್ತು. ದೂರದಿಂದ ಬರುವ ವೃದ್ಧರು, ಗಾಲಿಕುರ್ಚಿ ಬಳಸುವವರಿಗೆ ಅದು ಇದ್ದೂ ಇಲ್ಲದಂತಾಯಿತು.

ಇಲ್ಲಿ ಕಾನೂನಿನ ಅಂಶವೂ ಇದೆ. ಖಾಸಗಿ ಬಯಲಿನಲ್ಲಿ ಅಡ್ಡಾಡುವ ಸಾರ್ವತ್ರಿಕ ಹಕ್ಕು ಸ್ಕಾಟ್ಲೆಂಡಿನಲ್ಲಿ ಇದೆ, ಐರ್ಲೆಂಡಿನಲ್ಲಿ ಇಲ್ಲ. ಹಾಗಾಗಿ ಹೆಚ್ಚಿನ ಕಡೆ ಜನರ ಓಡಾಟ ನಡೆಯುವುದು ಮಾಲೀಕರ ಒಪ್ಪಿಗೆಯ ಮೇಲೆ. ವರ್ಷಗಳ ರೂಢಿಯಿಂದ ‘ನಮ್ಮದು’ ಅನ್ನಿಸಿದ ದಾರಿಯೂ ಕಾಗದದಲ್ಲಿ ಬೇರೆಯವರದ್ದಾಗಿರಬಹುದು.

ಮುಂದೇನಾಯಿತು?

ರಸ್ತೆ ಮುಚ್ಚಿ ಒಂದು ವರ್ಷ ಕಳೆದ ಮೇಲೆ, 2024ರ ಕೊನೆಯ ಹೊತ್ತಿಗೆ, ವಿವಾದದ ಮೂಲವಾಗಿದ್ದ 200ಕ್ಕೂ ಹೆಚ್ಚು ಎಕರೆ ಜಮೀನನ್ನು ಸರ್ಕಾರವೇ ಕೊಳ್ಳುವುದಾಗಿ ಪ್ರಕಟವಾಯಿತು. ಮುರಿದು ಹೋಗಿದ್ದ ಡಿಮೇನ್ ಮತ್ತೆ ಒಂದೇ ಮಾಲೀಕತ್ವಕ್ಕೆ ಬರುವ ದಾರಿ ತೆರೆಯಿತು. ಪ್ರತಿಭಟನೆ ನಡೆಸಿದ ಊರವರ ಮುಖ್ಯ ಬೇಡಿಕೆಯೂ ಅದೇ ಆಗಿತ್ತು.

ಇದನ್ನು ಬರೀ ಪಾರ್ಕಿಂಗ್ ಜಗಳ ಎಂದು ತಳ್ಳಿಹಾಕುವಂತಿಲ್ಲ. ಕಟ್ಟಡವೊಂದನ್ನು ಸಂರಕ್ಷಿತ ಎಂದು ಘೋಷಿಸುವಾಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಗೋಡೆ, ಚಾವಣಿ, ಚಿತ್ರಗಳು. ಅಲ್ಲಿಗೆ ಹೋಗುವ ರಸ್ತೆ, ಅಲ್ಲಿಂದ ಕಾಣುವ ನೋಟ, ಬಸ್ಸು ನಿಲ್ಲುವ ಜಾಗ ಆ ಪಟ್ಟಿಯಲ್ಲಿ ಇರುವುದಿಲ್ಲ. ಕ್ಯಾಸಲ್‌ಟೌನ್‌ನಲ್ಲಿ 1967ರಲ್ಲಿ ಕೆಲವರ ಹಟದಿಂದ ಮನೆ ಉಳಿಯಿತು, 1994ರಲ್ಲಿ ಅದು ಸಾರ್ವಜನಿಕ ಸ್ವತ್ತಾಯಿತು. ಅದಾಗಿ ಮೂರು ದಶಕ ದಾಟುವ ಹೊತ್ತಿಗೆ ಅದರ ಬಾಗಿಲಿನ ಪ್ರಶ್ನೆ ಇತ್ಯರ್ಥದ ಹಂತಕ್ಕೆ ಬಂತು. ಒಂದು ಕಾಲಕ್ಕೆ ಮುಟ್ಟುಗೋಲಿನ ಜಮೀನಿನ ದುಡ್ಡಿನಲ್ಲಿ ಎದ್ದ, ಊರವರನ್ನು ಗೋಡೆಯಾಚೆ ಇಟ್ಟಿದ್ದ ಆಸ್ತಿಯನ್ನು ಅದೇ ಊರವರು ತಮ್ಮದೆಂದು ಬೀದಿಗಿಳಿದು ಕಾದರು.